ದಪ್ಪ ಪರದೆ ಹಾಕಿದರೂ ಕೋಣೆ ಕಾದ ಕಾವಲಿ, ಯಾಕೆ?

ಪ್ರಶ್ನೆ: ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ನಮ್ಮ ಮೇಲೆ ಇನ್ನೂ ಎರಡು ಮಹಡಿ ಇವೆ. ಮಲಗುವ ಕೋಣೆಗೆ ಪಶ್ಚಿಮದ ಕಡೆ ಎರಡು ಸರಿಸುವ ಕಿಟಕಿ. ಒಂದೊಂದೂ 4 ಅಡಿ ಎತ್ತರ, 5 ಅಡಿ ಅಗಲ. ಸಾದಾ ಒಂಟಿ ಗಾಜು. ಗಾಜಿನ ಹೊರಗೆ ಗ್ರಿಲ್ ಇದೆ, ಎರಡರ ನಡುವೆ ನಾಲ್ಕು ಬೆರಳಿನಷ್ಟು ಜಾಗ. ಮೇಲೆ 2 ಅಡಿಯ ಸಜ್ಜಾ ಇದ್ದರೂ ಮಧ್ಯಾಹ್ನ 3ರ ಮೇಲೆ ಒಳಗೆ ಕಾಲಿಡುವ ಹಾಗಿಲ್ಲ. ನಮ್ಮ ಅತ್ತೆ ಮಲಗುವುದು ಅದೇ ಕೋಣೆಯಲ್ಲಿ. ಕಪ್ಪು ಬಣ್ಣದ ದಪ್ಪ ಬ್ಲ್ಯಾಕ್‌ಔಟ್ ಪರದೆ ಹಾಕಿಸಿದೆ. ಕತ್ತಲಾಯಿತು, ತಂಪಾಗಲಿಲ್ಲ. ಈಗ ಒಬ್ಬೊಬ್ಬರದು ಒಂದೊಂದು ಸಲಹೆ. ದೊಡ್ಡ ಎಸಿ ಹಾಕಿಸೋಣ ಅಂತ ನಮ್ಮ ಯಜಮಾನರು. ಶೇ. 99ರಷ್ಟು ಶಾಖ ತಡೆಯುತ್ತೇನೆ ಅಂತ ಫಿಲ್ಮ್ ಅಂಟಿಸುವವನು. ಪಕ್ಕದ ಮನೆಯವರು ಗಾಜಿಗೆ ಅಲ್ಯೂಮಿನಿಯಂ ಫಾಯಿಲ್ ಮೆತ್ತಿದ್ದಾರೆ. ಚಳಿ ದೇಶದಲ್ಲಿರುವ ತಂಗಿ, ಜೇನುಗೂಡಿನಂಥ ಪರದೆ ಹಾಕಿಸು, ನಮ್ಮ ಬಿಲ್ ಇಳಿದಿದೆ ಅನ್ನುತ್ತಾಳೆ. ಫಿಲ್ಮ್ ಹಾಕಿದರೆ ಗಾಜು ಒಡೆಯುತ್ತದೆ ಅಂತಲೂ ಕೇಳಿದ್ದೇನೆ. ಹೊರಗೋಡೆಯಿಂದ ಆಚೆ ಏನೂ ಚಾಚಿಕೊಳ್ಳಬಾರದು ಅಂತ ಸಂಘದ ನಿಯಮ ಬೇರೆ. ಏನು ಮಾಡಲಿ?

ಉತ್ತರ: ಏನು ಮಾಡಬೇಕು ಅನ್ನುವುದಕ್ಕೆ ಮೊದಲು, ಹಾಕಿದ ಪರದೆ ಯಾಕೆ ಕೈಕೊಟ್ಟಿತು ಅಂತ ನೋಡೋಣ. ಅದು ಗೊತ್ತಾಗದಿದ್ದರೆ ಮುಂದಿನ ಖರ್ಚೂ ಅದೇ ದಾರಿ ಹಿಡಿಯುತ್ತದೆ. ಕಟ್ಟಡಗಳಲ್ಲಿ ಕರೆಂಟ್ ಎಲ್ಲಿ ಪೋಲಾಗುತ್ತಿದೆ ಅಂತ ಹುಡುಕುವುದು ನನ್ನ ಕೆಲಸ. ಪಶ್ಚಿಮದ ಕಿಟಕಿಯ ದೂರು ಬರದ ಬೇಸಿಗೆಯೇ ಇಲ್ಲ. ಬಂದವರಲ್ಲಿ ಮುಕ್ಕಾಲು ಪಾಲು ಜನ ಕಪ್ಪು ಪರದೆ ಹಾಕಿಸಿಕೊಂಡೇ ಬಂದಿರುತ್ತಾರೆ. ಹಾಗಾಗಿ ನೀವೊಬ್ಬರೇ ಮೋಸಹೋದಿರಿ ಅಂದುಕೊಳ್ಳಬೇಡಿ.

ಇವತ್ತು ಸಂಜೆ 4ಕ್ಕೆ ಒಂದು ಕೆಲಸ ಮಾಡಿ. ಪರದೆಗೂ ಗಾಜಿಗೂ ನಡುವೆ ಕೈ ತೂರಿಸಿ ನೋಡಿ. ಒಲೆಯ ಬಾಯಿಗೆ ಕೈ ಒಡ್ಡಿದ ಹಾಗಿರುತ್ತದೆ. ಆಮೇಲೆ ಸ್ಟೂಲ್ ಹತ್ತಿ ಪರದೆಯ ಕೊಳವೆಯ ಮೇಲೆ, ಗೋಡೆಗೂ ಬಟ್ಟೆಗೂ ನಡುವಿನ ಸಂದಿನ ಹತ್ತಿರ ಕೈ ಹಿಡಿಯಿರಿ. ಬಿಸಿ ಗಾಳಿ ಸಣ್ಣಗೆ ಮೇಲೇಳುತ್ತಿರುವುದು ಕೈಗೆ ತಾಗುತ್ತದೆ. ಕೆಳಗೆ ನೆಲದ ಹತ್ತಿರ ಕೋಣೆಯ ತಂಪು ಗಾಳಿ ಪರದೆಯ ಹಿಂದಕ್ಕೆ ನುಸುಳುತ್ತಿರುತ್ತದೆ. ಒಳಗೆ ಹೋಗಿ ಕಾಯುತ್ತದೆ, ಮೇಲಿನಿಂದ ಹೊರಬೀಳುತ್ತದೆ, ಮತ್ತೆ ಕೆಳಗಿನಿಂದ ಹೋಗುತ್ತದೆ. ನೀವು ಪರದೆ ಅಂದುಕೊಂಡಿದ್ದೀರಿ, ಅದು 20 ಚದರ ಅಡಿಯ ಹೀಟರ್ ಆಗಿ ಕೆಲಸ ಮಾಡುತ್ತಿದೆ.

ಇದರ ಹಿಂದಿನ ಕಥೆ ಸರಳ. ನೆಲಕ್ಕೆ ಮುಟ್ಟುವ ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣುವ ಬೆಳಕು, ಇನ್ನರ್ಧ ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಉಳಿದ ಚೂರು ಅಲ್ಟ್ರಾವಯೊಲೆಟ್. ಸಾದಾ ಒಂಟಿ ಗಾಜು ಇದರಲ್ಲಿ ಶೇ. 80ಕ್ಕಿಂತ ಹೆಚ್ಚನ್ನು ಒಳಗೆ ಬಿಡುತ್ತದೆ. ಒಳಗೆ ಬಂದ ಬಿಸಿಲು ಕಪ್ಪು ಬಟ್ಟೆಗೆ ಬಿತ್ತು, ಬಟ್ಟೆ ಕಾಯಿತು. ಕಾದ ಬಟ್ಟೆಯೂ ಶಾಖ ಸೂಸುತ್ತದೆ, ಆದರೆ ಅದು ಬೇರೆ ಥರದ್ದು, ಉದ್ದನೆ ಅಲೆಯ ಶಾಖ. ಅದಕ್ಕೆ ಗಾಜು ಗೋಡೆಯಿದ್ದ ಹಾಗೆ, ದಾಟಲು ಬಿಡುವುದಿಲ್ಲ. ಒಳಗೆ ಬರುವಾಗ ತೆರೆದ ಬಾಗಿಲು, ಹೊರಗೆ ಹೋಗುವಾಗ ಮುಚ್ಚಿದ ಬಾಗಿಲು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ ಆಗುವುದೂ ಇದೇ ಅಲ್ವಾ?

ಹಾಗಾಗಿ ಬಟ್ಟೆ ಎಷ್ಟು ದಪ್ಪ ಅನ್ನುವುದು ಇಲ್ಲಿ ದೊಡ್ಡ ವಿಷಯವಲ್ಲ. ಗಾಜಿನ ಕಡೆಗಿರುವ ಮುಖದ ಬಣ್ಣ ಯಾವುದು, ಮತ್ತು ನೆರಳು ಗಾಜಿನ ಯಾವ ಮಗ್ಗುಲಲ್ಲಿದೆ ಅನ್ನುವುದೇ ಎಲ್ಲ. ಎಸಿ ಲೆಕ್ಕ ಹಾಕುವ ಎಂಜಿನಿಯರುಗಳು ದಶಕಗಳಿಂದ ಬಳಸುವ ಕೋಷ್ಟಕಗಳಿವೆ. ಅವುಗಳ ಪ್ರಕಾರ, ಬರೀ ಗಾಜಿನಿಂದ 100 ಪಾಲು ಶಾಖ ಬರುತ್ತಿದ್ದರೆ, ಒಳಗೆ ಗಾಢ ಬಣ್ಣದ ಬೆಳಕು ತೂರದ ರೋಲರ್ ಪರದೆ ಇಳಿಬಿಟ್ಟಾಗಲೂ ಸುಮಾರು 80 ಪಾಲು ಬಂದೇ ಬರುತ್ತದೆ. ಅದೇ ಪರದೆ ಬಿಳಿ ಬಣ್ಣದ್ದಾಗಿದ್ದರೆ 40ರ ಆಸುಪಾಸು. ದಪ್ಪ ಅದೇ, ಜಾಗ ಅದೇ, ಬಣ್ಣ ಮಾತ್ರ ಬೇರೆ. ಬಿಳಿ ಬಟ್ಟೆ ಬೆಳಕನ್ನು ಬೆಳಕಾಗಿರುವಾಗಲೇ ತಿರುಗಿಸಿ ಕಳಿಸುತ್ತದೆ, ಬೆಳಕಿಗೆ ಗಾಜು ಅಡ್ಡ ಬರುವುದಿಲ್ಲ. ಇನ್ನು ಅದೇ ನೆರಳು ಗಾಜಿನ ಹೊರಗಿದ್ದರೆ? ಸರಿಯಾಗಿ ಮುಚ್ಚಿದ ಹೊರಗಿನ ಶಟರ್ ಅಥವಾ ಜಾಲರಿ ಬಿಸಿಲಿನ ಹತ್ತು ಪಾಲಿನಲ್ಲಿ ಏಳೆಂಟನ್ನು ಹೊರಗೇ ನಿಲ್ಲಿಸುತ್ತದೆ. ಅದು ಬಿಸಿಯಾದರೂ ಆ ಬಿಸಿ ಹೊರಗಿನ ಗಾಳಿಗೆ ಹೋಗುತ್ತದೆ, ನಿಮ್ಮ ಅತ್ತೆಯ ಮಂಚದ ಪಕ್ಕಕ್ಕಲ್ಲ.

ನನಗೆ ಕೇಳಿದರೆ ಈ ವಿಷಯದಲ್ಲಿ ತಿಳಿಯಬೇಕಾದ್ದು ಇಷ್ಟೇ: ಬಿಸಿಲನ್ನು ಗಾಜು ಮುಟ್ಟುವ ಮೊದಲು ತಡೆದರೆ ಗೆದ್ದಿರಿ, ಗಾಜು ದಾಟಿದ ಮೇಲೆ ಬರೀ ಚೌಕಾಸಿ.

ಹಾಗಾದರೆ ಸಜ್ಜಾ ಹೊರಗೇ ಇದೆಯಲ್ಲ, ಅದು ಯಾಕೆ ಸೋತಿತು? ಸಜ್ಜಾ ಮೇಲಿನಿಂದ ಬರುವ ಬಿಸಿಲಿಗೆ ಕೊಡೆ. ಪಶ್ಚಿಮದ ಬಿಸಿಲು ಎದುರಿನಿಂದ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಸೂರ್ಯ ದಿಗಂತದಿಂದ 75 ಡಿಗ್ರಿ ಎತ್ತರದಲ್ಲಿದ್ದಾಗ, ಅಂದರೆ ಹೆಚ್ಚುಕಡಿಮೆ ನೆತ್ತಿಯ ಮೇಲಿದ್ದಾಗ, 2 ಅಡಿ ಸಜ್ಜಾದ ನೆರಳು ಗೋಡೆಯ ಮೇಲೆ ಸುಮಾರು ಏಳೂವರೆ ಅಡಿ ಕೆಳಗಿಳಿಯುತ್ತದೆ. ಇಡೀ ಕಿಟಕಿ ನೆರಳಿನಲ್ಲಿ. ಸೂರ್ಯ 45 ಡಿಗ್ರಿಗೆ ಇಳಿದರೆ ನೆರಳು 2 ಅಡಿ, ಕಿಟಕಿಯ ಅರ್ಧಕ್ಕೆ. 30 ಡಿಗ್ರಿಗೆ ಇಳಿದು ಕಿಟಕಿಗೆ ನೇರ ಎದುರು ಬಂದಾಗ ನೆರಳು ಬರೀ 14 ಇಂಚು. ನಿಮ್ಮ 4 ಅಡಿ ಕಿಟಕಿಯಲ್ಲಿ ಮೂರು ಅಡಿಗೆ ಎರಡು ಇಂಚು ಕಡಿಮೆ, ಅಷ್ಟು ಗಾಜು ನೇರ ಬಿಸಿಲಿನಲ್ಲಿ. ಸಜ್ಜಾವನ್ನು 4 ಅಡಿಗೆ ಬೆಳೆಸಿದರೂ ನೆರಳು 28 ಇಂಚಿಗೆ ನಿಲ್ಲುತ್ತದೆ. ಸೂರ್ಯ ಇನ್ನೂ ಕೆಳಗಿಳಿದರೆ ಅದೂ ಇಲ್ಲ. ಸಜ್ಜಾ ಉದ್ದ ಮಾಡಿಸಿಕೊಡಿ ಅಂತ ಸಂಘದ ಮುಂದೆ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಸಜ್ಜಾ ಸುಮ್ನೆ ಇಟ್ಟದ್ದು ಅಂತ ಇದರ ಅರ್ಥವಲ್ಲ. ಉತ್ತರ ಗೋಳಾರ್ಧದಲ್ಲಿ ದಕ್ಷಿಣದ ಕಿಟಕಿಗೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. 40 ಡಿಗ್ರಿ ಅಕ್ಷಾಂಶದ ಊರಿನಲ್ಲಿ ಜೂನ್ ನಡುಹಗಲಿನ ಸೂರ್ಯ 73 ಡಿಗ್ರಿ ದಾಟಿ ಏರುತ್ತಾನೆ, ಡಿಸೆಂಬರಿನಲ್ಲಿ 27 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಒಂದೇ ಸಜ್ಜಾ ಬೇಸಿಗೆಯ ಬಿಸಿಲನ್ನು ತಡೆದು ಚಳಿಗಾಲದ್ದನ್ನು ಒಳಗೆ ಬಿಡುತ್ತದೆ, ಯಾರೂ ಮುಟ್ಟಬೇಕಿಲ್ಲ. ಉಷ್ಣವಲಯದಲ್ಲಿ ಸೂರ್ಯ ವರ್ಷದ ಕೆಲವು ತಿಂಗಳು ಉತ್ತರಕ್ಕೂ ವಾಲುವುದರಿಂದ ಅಲ್ಲಿ ಉತ್ತರದ ಕಿಟಕಿಗೂ ಸಜ್ಜಾ ಬೇಕು. ಪೂರ್ವ, ಪಶ್ಚಿಮಕ್ಕೆ ಮಾತ್ರ ಎಲ್ಲಿ ಹೋದರೂ ಎದುರಿನಿಂದ ಮುಚ್ಚುವಂಥದ್ದೇ ಆಗಬೇಕು: ಜಾಲರಿ, ಶಟರ್, ಅಡ್ಡಪಟ್ಟಿಯ ಬ್ಲೈಂಡ್, ಇಲ್ಲವೇ ಮರ, ಬಳ್ಳಿ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಪ್ಯಾರಿಸ್‌ನಲ್ಲಿ ಸಾಲ್ವೇಶನ್ ಆರ್ಮಿ ಅನ್ನುವ ಸೇವಾಸಂಸ್ಥೆಗೆ ಹೆಸರಾಂತ ವಾಸ್ತುಶಿಲ್ಪಿ ಲೆ ಕಾರ್ಬೂಸಿಯರ್ ಕಟ್ಟಿದ ಆಶ್ರಯಧಾಮ 1933ರಲ್ಲಿ ತೆರೆಯಿತು. ದಕ್ಷಿಣದ ಮುಖ ಪೂರ್ತಿ ಗಾಜು, ತೆರೆಯಲು ಬಾರದ ಗಾಜು. ಯೋಜನೆಯಲ್ಲಿದ್ದ ತಂಪು ಮಾಡುವ ವ್ಯವಸ್ಥೆ ಆಗಲಿಲ್ಲ. ಬೇಸಿಗೆ ಬಂದಾಗ ಒಳಗಿದ್ದವರು ಬೆಂದುಹೋದರು. ಮಹಾಯುದ್ಧದ ನಂತರ ದುರಸ್ತಿ ಮಾಡುವಾಗ ಆ ಗಾಜಿನ ಮುಂದೆ ಕಾಂಕ್ರೀಟಿನ ಬಿಸಿಲುತಡೆ ಕಟ್ಟಿ, ತೆರೆಯುವ ಕಿಟಕಿಗಳನ್ನೂ ಇಟ್ಟರು. ಆ ಹೊತ್ತಿಗೆ ಹೊರಗಿನ ಬಿಸಿಲುತಡೆ ಅವರ ಕಟ್ಟಡಗಳ ಗುರುತೇ ಆಗಿಬಿಟ್ಟಿತ್ತು.

ಈಗ ಎಸಿ ವಿಷಯ. ನಿಮ್ಮ ಯಜಮಾನರಿಗೆ ಈ ಲೆಕ್ಕ ತೋರಿಸಿ. ಸಂಜೆಯ ಸ್ವಚ್ಛ ಬಿಸಿಲು ಪಶ್ಚಿಮದ ಕಿಟಕಿಯ ಪ್ರತಿ ಚದರ ಮೀಟರಿಗೆ 600ರಿಂದ 700 ವ್ಯಾಟ್ ತಂದು ಸುರಿಯುತ್ತದೆ. ನಿಮ್ಮ ಎರಡು ಕಿಟಕಿಯಲ್ಲಿ ಚೌಕಟ್ಟು ಕಳೆದು, ಸಜ್ಜಾದ 14 ಇಂಚು ನೆರಳೂ ಕಳೆದು, ಸುಮಾರು 2.4 ಚದರ ಮೀಟರ್ ಗಾಜು ಬಿಸಿಲಿನಲ್ಲಿ ಉಳಿಯುತ್ತದೆ. ಗಾಜು ದಾಟಿ ಒಳಗೆ ಬರುವುದು ಹತ್ತಿರ ಹತ್ತಿರ 1,300 ವ್ಯಾಟ್. ಒಂದು ರೂಂ ಹೀಟರನ್ನು ಬೇಸಿಗೆಯ ಮಧ್ಯಾಹ್ನ ಹಚ್ಚಿಟ್ಟ ಹಾಗೆ. ಒಂದು ಟನ್ ಎಸಿ ಅಂದರೆ 3,500 ವ್ಯಾಟಿನಷ್ಟು ಶಾಖ ಹೊರಹಾಕುವ ಯಂತ್ರ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬರೀ ಈ ಎರಡು ಕಿಟಕಿಯ ಸೇವೆಗೇ ಹೋಯಿತು.

ಕರೆಂಟ್ ಎಷ್ಟು ಉಳಿಯುತ್ತದೆ ಅಂತ ಕೇಳಿದರೆ, ಉತ್ಪ್ರೇಕ್ಷೆ ಮಾಡುವುದಿಲ್ಲ. ಎಸಿ ಒಂದು ಪಾಲು ಕರೆಂಟ್ ತಿಂದು ಮೂರು ಪಾಲು ಶಾಖ ಹೊರಹಾಕುತ್ತದೆ ಅಂತ ಇಟ್ಟುಕೊಂಡರೆ, ಆ ಬಿಸಿಲನ್ನು ಮೂರು ಗಂಟೆ ಹೊರಹಾಕಲು ದಿನಕ್ಕೆ ಸುಮಾರು ಒಂದೂಕಾಲು ಯೂನಿಟ್. ಮುಕ್ಕಾಲು ಪಾಲು ಬಿಸಿಲು ತಡೆದರೆ ದಿನಕ್ಕೆ ಒಂದು ಯೂನಿಟ್‌ನಷ್ಟು ಉಳಿತಾಯ. ಒಂದು ಕೋಣೆಗೆ ಇದು ಭಾರಿ ಮೊತ್ತ ಅಲ್ಲ, ನೂರು ಕಿಟಕಿಯ ಕಟ್ಟಡಕ್ಕೆ ಭಾರಿಯೇ. ಆದರೆ ಲೆಕ್ಕಕ್ಕೆ ಸಿಗದ ಇನ್ನೊಂದು ಇದೆ. ಎಸಿ ಗಾಳಿಯನ್ನು ತಂಪು ಮಾಡುತ್ತದೆ. ಕಾದ ಪರದೆ, ಕಾದ ಗಾಜು ಮೈಗೆ ನೇರ ಝಳ ಹೊಡೆಯುತ್ತಲೇ ಇರುತ್ತವೆ. ಹಾಗಾಗಿ ಜನ ಎಸಿಯನ್ನು 24ರಿಂದ 20ಕ್ಕೆ ಇಳಿಸುತ್ತಾರೆ, ಆಗಲೂ ಕಿಟಕಿಯ ಕಡೆಯ ಕೆನ್ನೆ ಬಿಸಿ, ಇನ್ನೊಂದು ಕೆನ್ನೆ ತಣ್ಣಗೆ. ದೊಡ್ಡ ಎಸಿ ಈ ಕಾಯಿಲೆಗೆ ಮದ್ದಲ್ಲ. ಅಂದಹಾಗೆ, ಅತ್ತೆಯವರ ಮಂಚ ಕಿಟಕಿಗೆ ತಾಗಿದ್ದರೆ ಇವತ್ತೇ ಎದುರಿನ ಗೋಡೆಗೆ ಸರಿಸಿ. ಅದಕ್ಕೆ ಖರ್ಚೇ ಇಲ್ಲ.

ಫಿಲ್ಮ್ ಅಂಟಿಸುವವನ ಶೇ. 99ರ ಕಥೆಗೆ ಬರೋಣ. ಅವನು ಸುಳ್ಳು ಹೇಳುತ್ತಿಲ್ಲದೆಯೂ ಇರಬಹುದು, ಆದರೆ ಪೂರ್ತಿ ಹೇಳುತ್ತಿಲ್ಲ. 99 ಅನ್ನುವುದು ಸಾಮಾನ್ಯವಾಗಿ ಇನ್‌ಫ್ರಾರೆಡ್ ಅಥವಾ ಅಲ್ಟ್ರಾವಯೊಲೆಟ್ ತಡೆಯ ಸಂಖ್ಯೆ. ಇನ್‌ಫ್ರಾರೆಡ್ ಬಿಸಿಲಿನ ಅರ್ಧದಷ್ಟು ಮಾತ್ರ, ಅದನ್ನೂ ಎಷ್ಟೋ ಸಲ ಒಂದು ಕಿರಿದಾದ ತರಂಗಾಂತರದಲ್ಲಿ ಅಳೆದು ಹೇಳುತ್ತಾರೆ. ಬಲ್ಬಿನ ಪ್ರದರ್ಶನ ನೋಡಿರುತ್ತೀರಿ: ಕೆಂಪಗೆ ಉರಿಯುವ ದೀಪದ ಮುಂದೆ ಕೈ ಇಡಿಸುತ್ತಾರೆ, ನಡುವೆ ಫಿಲ್ಮ್ ಹಿಡಿಯುತ್ತಾರೆ, ಬಿಸಿ ಮಂಗಮಾಯ. ಆ ದೀಪ ಉಗುಳುವುದು ಹೆಚ್ಚೂಕಡಿಮೆ ಪೂರ್ತಿ ಇನ್‌ಫ್ರಾರೆಡ್. ಸೂರ್ಯ ಹಾಗಲ್ಲ. ಅವನ ಬೆಳಕೂ ಒಳಗೆ ಬಿದ್ದಲ್ಲಿ ಶಾಖವೇ ಆಗುತ್ತದೆ.

ನೀವು ಕೇಳಬೇಕಾದ ಸಂಖ್ಯೆ ಒಂದೇ: ಬಿಸಿಲಿನ ಒಟ್ಟು ಶಕ್ತಿಯಲ್ಲಿ ಶೇ. ಎಷ್ಟನ್ನು ತಡೆಯುತ್ತದೆ. ಫಿಲ್ಮಿನ ಮಾಹಿತಿ ಹಾಳೆಯಲ್ಲಿ ಇದನ್ನು ಟಿಎಸ್‌ಇಆರ್ ಅಂತ ಬರೆದಿರುತ್ತಾರೆ. ಒಳ್ಳೆಯ ಫಿಲ್ಮಿನಲ್ಲಿ ಅದು 50ರಿಂದ 65ರ ಸುಮಾರಿಗೆ ಇರುತ್ತದೆ. ಅದರಲ್ಲೂ ಒಂದು ಸಣ್ಣ ಚಾಲಾಕಿ ಇದೆ. ಬರೀ ಗಾಜೇ ಶೇ. 15ರಷ್ಟನ್ನು ತಡೆಯುತ್ತಿರುತ್ತದೆ, ಆ ಪಾಲೂ ಫಿಲ್ಮಿನ ಖಾತೆಗೇ ಸೇರಿರುತ್ತದೆ. ಹಾಳೆ ತೋರಿಸಲು ಒಲ್ಲೆ ಅಂದವನನ್ನು ವಾಪಸ್ ಕಳಿಸಿ.

ಕಪ್ಪಗಿದ್ದಷ್ಟೂ ತಂಪು ಅನ್ನುವ ನಂಬಿಕೆಯೂ ಅಷ್ಟೇ. ಅಗ್ಗದ ಕಪ್ಪು ಫಿಲ್ಮ್ ಬೆಳಕನ್ನು ನುಂಗುತ್ತದೆ, ಗಾಜನ್ನು ಕಾಯಿಸುತ್ತದೆ, ಕಾದ ಗಾಜು ಒಳಗೂ ಹೊರಗೂ ಶಾಖ ಹಂಚುತ್ತದೆ. ಬೆಳಕು ಹೋದಷ್ಟು ಶಾಖ ಹೋಗುವುದಿಲ್ಲ. ಕನ್ನಡಿಯಂತೆ ಹೊಳೆಯುವ ಫಿಲ್ಮ್ ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ. ಹಗಲು ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ರಾತ್ರಿ ಆಟ ಉಲ್ಟಾ: ಒಳಗೆ ದೀಪ ಹಾಕಿದರೆ ನಿಮಗೆ ನಿಮ್ಮದೇ ಬಿಂಬ, ಹೊರಗಿನವರಿಗೆ ನಿಮ್ಮ ಕೋಣೆ. ಲೋಹದ ಪದರ ಇರುವ ಫಿಲ್ಮ್ ಮೊಬೈಲ್ ಸಿಗ್ನಲನ್ನೂ ಸ್ವಲ್ಪ ಕುಗ್ಗಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಫಿಲ್ಮನ್ನು ಪರದೆಯ ಹಾಗೆ ಸರಿಸಲು ಬರುವುದಿಲ್ಲ. ಮೋಡ ಕವಿದ ದಿನವೂ ಅದು ಅಲ್ಲೇ.

ಗಾಜು ಒಡೆಯುವ ಮಾತು ಸುಳ್ಳಲ್ಲ. ಅದಕ್ಕೆ ನಾನೇ ಸಾಕ್ಷಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಚೇರಿಯ ಡಬಲ್ ಗಾಜಿನ ಕಿಟಕಿಗಳಿಗೆ ಒಳಗಿನಿಂದ ಗಾಢ ಬಣ್ಣದ ಫಿಲ್ಮ್ ಹಾಕಿಸಿ ಅಂತ ನಾನೇ ಬರೆದುಕೊಟ್ಟೆ. ಗಾಜಿನ ಜಾತಿ ಯಾವುದು ಅಂತ ವಿಚಾರಿಸಲಿಲ್ಲ. ಎರಡನೇ ವಾರ ಫೋನ್ ಬಂತು. ಹೋಗಿ ನೋಡಿದರೆ ಒಂದು ಗಾಜಿನಲ್ಲಿ ಬಿರುಕು. ಅಂಚಿನಿಂದ ನೇರವಾಗಿ ಒಂದೆರಡು ಇಂಚು ಹೊರಟು, ಆಮೇಲೆ ಹಾವಿನ ಹಾಗೆ ಬಳುಕುತ್ತಾ ಎದುರಿನ ಮೂಲೆಗೆ ಹೋಗಿತ್ತು. ಕಲ್ಲು ಬಿದ್ದ ಗುರುತಿಲ್ಲ, ನಕ್ಷತ್ರದ ಆಕಾರವಿಲ್ಲ. ಅಂಚಿನಿಂದ ನೆಟ್ಟಗೆ ಹೊರಡುವ ಬಿರುಕು ಅಂದರೆ ಶಾಖದ ಬಿರುಕು. ಬಿಸಿಲಿಗೆ ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ, ಚೌಕಟ್ಟಿನೊಳಗೆ ಹುದುಗಿದ ಅಂಚು ತಣ್ಣಗಿದ್ದು ಹಿಗ್ಗಲು ಬಿಡುವುದಿಲ್ಲ. ಸಾದಾ ಗಾಜು ನಡುವಿಗೂ ಅಂಚಿಗೂ 30ರಿಂದ 40 ಡಿಗ್ರಿ ವ್ಯತ್ಯಾಸ ಬಂದರೆ ಬಿರುಕು ಬಿಡಬಹುದು, ಅಂಚು ಒರಟಾಗಿ ಕತ್ತರಿಸಿದ್ದರೆ ಇನ್ನೂ ಬೇಗ. ಟಫನ್ಡ್ ಗಾಜಿಗೆ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಿಗೆ, ಈ ಭಯ ಇಲ್ಲವೆನ್ನುವಷ್ಟು ಕಡಿಮೆ. ಡಬಲ್ ಗಾಜು ಮತ್ತು ತಂತಿ ಹುದುಗಿಸಿದ ಗಾಜಿಗೆ ಒಳಗಿನಿಂದ ಶಾಖ ನುಂಗುವ ಫಿಲ್ಮ್ ಅಂಟಿಸುವುದು ಜೂಜು. ನಿಮ್ಮದು ಒಂಟಿ ಗಾಜು, ಅಪಾಯ ಕಡಿಮೆ. ಆದರೂ ಅಂಚಿನಲ್ಲಿ ಚಿಕ್ಕ ಸೀಳು, ಒಡಕು ಇದೆಯೇ ಅಂತ ಉಗುರಾಡಿಸಿ ನೋಡದೆ ಫಿಲ್ಮ್ ಹಾಕಿಸಬೇಡಿ.

ಪಕ್ಕದ ಮನೆಯವರ ಫಾಯಿಲ್ ಬಗ್ಗೆ ನಗಬೇಡಿ. ಶಾಖದ ಮಟ್ಟಿಗೆ ಅದು ಕೆಲಸ ಮಾಡುತ್ತದೆ, ಹೊಳೆಯುವ ಮುಖ ಬಿಸಿಲನ್ನು ಬಹುಪಾಲು ತಿರುಗಿಸಿಬಿಡುತ್ತದೆ. ಆದರೆ ಕೋಣೆ ಗುಹೆಯಾಗುತ್ತದೆ, ಎದುರಿನ ಮನೆಯವರ ಕಣ್ಣು ಕುಕ್ಕುತ್ತದೆ, ಸುಕ್ಕಾಗಿ ಅಂಟಿಸಿದ ಕಡೆ ಗಾಜು ಅಲ್ಲಲ್ಲಿ ಹೆಚ್ಚುಕಡಿಮೆ ಕಾಯುತ್ತದೆ. ಒಂದು ತಿಂಗಳ ಕಡುಬೇಸಿಗೆಗೆ ಸರಿ, ವರ್ಷಗಟ್ಟಲೆಗೆ ನಾನು ಹೇಳುವುದಿಲ್ಲ.

ನಿಮ್ಮ ತಂಗಿಯ ಮಾತು ಅವರ ಊರಿಗೆ ನಿಜ. ಅವರ ಸಮಸ್ಯೆ ಒಳಗಿನ ಬಿಸಿ ಹೊರಗೆ ಸೋರುವುದು, ನಿಮ್ಮದು ಹೊರಗಿನ ಬಿಸಿಲು ಒಳಗೆ ನುಗ್ಗುವುದು. ಜೇನುಗೂಡಿನ ಪರದೆಯ ಕೋಶಗಳಲ್ಲಿ ಗಾಳಿ ನಿಂತಿರುತ್ತದೆ, ನಿಂತ ಗಾಳಿ ಕಂಬಳಿಯ ಹಾಗೆ. ಅಂಚು ಬಿಗಿಯಾಗಿ ಕೂತರೆ ಚಳಿಗಾಲದಲ್ಲಿ ಕಿಟಕಿಯ ಮೂಲಕ ಆಗುವ ಶಾಖನಷ್ಟ ಶೇ. 40ರಷ್ಟು ಅಥವಾ ಹೆಚ್ಚು ತಗ್ಗುತ್ತದೆ ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಬೇಸಿಗೆಯ ಬಿಸಿಲನ್ನೂ ಶೇ. 60ರವರೆಗೆ ತಡೆಯಬಲ್ಲದು ಅನ್ನುತ್ತದೆ. ತೆಗೆದುಹಾಕುವಂಥ ವಸ್ತು ಅಲ್ಲ. ಆದರೆ ಗಾಜಿನ ಒಳಗೇ ಇರುವುದರಿಂದ ನಿಮ್ಮ ಪಟ್ಟಿಯಲ್ಲಿ ಅದು ಮೊದಲಿಗೆ ಬರುವುದಿಲ್ಲ. ಚಳಿ ಊರಿನವರು ಇದನ್ನು ಓದುತ್ತಿದ್ದರೆ ಒಂದು ಎಚ್ಚರ: ಬಿಗಿಯಾದ ಪರದೆಯ ಹಿಂದೆ ಗಾಜು ಇನ್ನಷ್ಟು ತಣ್ಣಗಾಗಿ ಬೆವರುತ್ತದೆ. ಬೆಳಿಗ್ಗೆ ಎತ್ತಿ ಒರೆಸದಿದ್ದರೆ ಚೌಕಟ್ಟಿಗೆ ಬೂಷ್ಟು ಹಿಡಿಯುತ್ತದೆ.

ಹಾಗಾದರೆ ಮೊದಲಿಗೆ ಏನು? ನಿಮ್ಮ ಪತ್ರದಲ್ಲೇ ಉತ್ತರ ಇದೆ. ಗಾಜಿಗೂ ಗ್ರಿಲ್ಲಿಗೂ ನಡುವೆ ನಾಲ್ಕು ಬೆರಳು ಜಾಗ ಅಂದಿರಲ್ಲ, ಅದು ಗಾಜಿನ ಹೊರಗೂ ಹೌದು, ಗೋಡೆಯ ದಪ್ಪದ ಒಳಗೂ ಹೌದು. ಅಲ್ಲಿ ಒಂದು ರೋಲರ್ ಜಾಲರಿ ಕೂರಿಸಿದರೆ ಒಂದಿಂಚೂ ಆಚೆ ಚಾಚುವುದಿಲ್ಲ. ಗಾಜು ಸರಿಸಿದರೆ ಕೈಗೆ ಸಿಗುತ್ತದೆ, ಮೂರನೇ ಮಹಡಿಯಿಂದ ಬಗ್ಗುವ ಕೆಲಸ ಇಲ್ಲ. ಬಿಸಿಲು ತಡೆಯಲೆಂದೇ ನೇಯ್ದ ಬಟ್ಟೆ ಸಿಗುತ್ತದೆ, ಶೇ. 3, ಶೇ. 5, ಶೇ. 10 ತೆರಪಿನದು ಅಂತ ಹೇಳಿ ಕೊಡುತ್ತಾರೆ. ತೆರಪು ಅಂದರೆ ನೇಯ್ಗೆಯ ತೂತುಗಳ ಪಾಲು. ನಿಮಗೆ ಶೇ. 5 ಸಾಕು. ಮುಚ್ಚಿದಾಗಲೂ ಹೊರಗಿನ ಮರ, ದಾರಿ ಮಸುಕಾಗಿ ಕಾಣುತ್ತದೆ, ಸ್ವಲ್ಪ ಗಾಳಿಯೂ ಆಡುತ್ತದೆ. ಇಲ್ಲಿ ಬಣ್ಣದ ನಿಯಮ ಬದಲಾಗುತ್ತದೆ ನೋಡಿ: ಹೊರಗಿರುವ ಜಾಲರಿ ಗಾಢ ಬಣ್ಣದ್ದಾದರೂ ಅಡ್ಡಿಯಿಲ್ಲ, ಅದರ ಕಾವನ್ನು ಹೊರಗಿನ ಗಾಳಿ ಒಯ್ಯುತ್ತದೆ, ಕಣ್ಣಿಗೂ ಹಿತ. ಕೆಳಗಿನ ಕೋಲನ್ನು ಎರಡೂ ಬದಿ ಕೊಕ್ಕೆಗೆ ಸಿಕ್ಕಿಸುವ ಹಾಗೆ ಮಾಡಿಸಿ, ಇಲ್ಲದಿದ್ದರೆ ಗಾಳಿಗೆ ರಾತ್ರಿಯಿಡೀ ಗ್ರಿಲ್ಲಿಗೆ ಬಡಿಯುತ್ತದೆ. ಕೊಕ್ಕೆ ತುಕ್ಕು ಹಿಡಿಯದ ಲೋಹದ್ದಾಗಿರಲಿ. ಧೂಳು ಕೂರುತ್ತದೆ, ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಅದು ಅದರ ಕಾಟ.

ಮಾಡಿಸುವ ಮೊದಲು ಪರೀಕ್ಷೆ ಮಾಡಿ. ಹಳೆಯ ಬಿಳಿ ಹೊದಿಕೆ ಅಥವಾ ಶೇಡ್ ನೆಟ್ಟಿನ ತುಂಡನ್ನು ಒಳಗಿನಿಂದಲೇ ಕೈ ಚಾಚಿ ಆ ಜಾಗದಲ್ಲಿ ಗ್ರಿಲ್ಲಿಗೆ ಗಟ್ಟಿಯಾಗಿ ಕಟ್ಟಿ. ಎರಡೂ ಕಿಟಕಿಗೆ ಮೂರು ದಿನ. ಅದಕ್ಕೆ ಮೊದಲಿನ ಮೂರು ದಿನ ಈಗಿರುವ ಹಾಗೆಯೇ ಬಿಡಿ. ಎರಡೂ ಸಲ ಎಸಿ ಹಾಕದೆ, ಸಂಜೆ 5ಕ್ಕೆ ಕೋಣೆಯ ನಡುವೆ, ಬಿಸಿಲು ಬೀಳದ ಕಡೆ ಇಟ್ಟ ಥರ್ಮಾಮೀಟರಿನ ಅಂಕಿ ಬರೆದುಕೊಳ್ಳಿ. ಹೊರಗಿನ ತಾಪವನ್ನೂ ಪಕ್ಕದಲ್ಲಿ ಬರೆಯಿರಿ, ಇಲ್ಲದಿದ್ದರೆ ಮೋಡದ ದಿನವನ್ನು ಜಾಲರಿಯ ಪುಣ್ಯ ಅಂದುಕೊಳ್ಳುವ ಅಪಾಯ ಇದೆ. ರಾತ್ರಿ 9ಕ್ಕೆ ಪಶ್ಚಿಮದ ಗೋಡೆಗೊಮ್ಮೆ, ಒಳಗಿನ ಅಡ್ಡಗೋಡೆಗೊಮ್ಮೆ ಅಂಗೈ ಇಟ್ಟು ನೋಡಿ. ಪಶ್ಚಿಮದ ಗೋಡೆ ಬೆಚ್ಚಗಿದ್ದರೆ ಅದು ಹಗಲಿನ ಬಿಸಿಲನ್ನು ಕುಡಿದು ಈಗ ಕಕ್ಕುತ್ತಿದೆ ಅಂತ ಅರ್ಥ. ಆ ಪಾಲಿನ ಧಗೆಗೆ ಯಾವ ಪರದೆಯೂ ಉತ್ತರ ಕೊಡಲಾರದು, ಹೊರಗೋಡೆಗೆ ತಿಳಿ ಬಣ್ಣ ಬೇಕು. ನಿಮ್ಮ ತಲೆಯ ಮೇಲೆ ಮಹಡಿಗಳಿರುವುದರಿಂದ ತಾರಸಿಯ ಕಾಟ ಇಲ್ಲ, ಅದೊಂದು ಪುಣ್ಯ.

ಹಾಕಿಸಿದ ಕಪ್ಪು ಪರದೆಯನ್ನು ಬಿಸಾಡಬೇಡಿ. ಗಾಜಿನ ಕಡೆಗೆ ಬರುವ ಮುಖಕ್ಕೆ ಅಚ್ಚ ಬಿಳಿ ಬಟ್ಟೆಯ ಅಸ್ತರು ಹೊಲಿಸಿ. ಮೇಲಿನ ಸಂದು ಮುಚ್ಚುವ ಹಾಗೆ ಒಂದು ಪೆಲ್ಮೆಟ್, ಅಂದರೆ ಪರದೆಯ ಕೊಳವೆ ಮುಚ್ಚುವ ಪೆಟ್ಟಿಗೆಯಂಥ ಪಟ್ಟಿ, ಹಾಕಿಸಿ, ಬದಿಗಳು ಗೋಡೆಗೆ ತಾಗಿರಲಿ. ಸ್ಟೂಲ್ ಹತ್ತಿ ಕೈ ಹಿಡಿದು ನೋಡಿದಿರಲ್ಲ, ಆ ಬಿಸಿಗಾಳಿಯ ದಾರಿ ಮುಚ್ಚುತ್ತದೆ. ಜಾಲರಿ ಇಲ್ಲದೆ ಇಷ್ಟೇ ಮಾಡಿದರೂ ಮೂರನೇ ಒಂದು ಪಾಲು ಶಾಖ ತಗ್ಗಿತು ಅಂತಲೇ ಹೇಳಬಹುದು. ಜಾಲರಿಯೂ ಸೇರಿದರೆ ಆ ಪರದೆ ಹಗಲು ಬೇಕಾಗುವುದೇ ಕಡಿಮೆ. ಲಕ್ಸ್ ಅಂದರೆ ಬೆಳಕಿನ ಅಳತೆ. ನೇರ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೂ ಬೆಳಕು ಕೊಡುತ್ತದೆ, ಓದಲು ಬೇಕಾದ್ದು 300ರಿಂದ 500. ಬಿಸಿಲಿನ ಒಂದು ಎಳೆ ಒಳಗೆ ಬಂದರೂ ಕೋಣೆಗೆ ಧಾರಾಳ. ಪೂರ್ತಿ ಕತ್ತಲು ಮಾಡಿ ದೀಪ ಹಾಕಿಕೊಂಡು ಕೂರುವುದು ನಾನು ಕಚೇರಿಗಳಲ್ಲಿ ದಿನಾ ನೋಡುವ ದೃಶ್ಯ. ಸಂಜೆ ಯಾರೋ ಬಿಸಿಲು ಅಂತ ಬ್ಲೈಂಡ್ ಇಳಿಸಿರುತ್ತಾರೆ, ಮರುದಿನ 11 ಗಂಟೆಯಾದರೂ ಅದು ಮೇಲೇಳುವುದಿಲ್ಲ, ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಮನೆಗಳ ಕಥೆಯೂ ಬೇರೆಯಲ್ಲ. ಮನೆಯ ಕಿಟಕಿ ಪರದೆಗಳಲ್ಲಿ ಸುಮಾರು ಶೇ. 75 ದಿನವೂ ಇದ್ದಲ್ಲೇ ಇರುತ್ತವೆ ಅಂತ ಅದೇ ಅಮೆರಿಕದ ಇಲಾಖೆಯ ಲೆಕ್ಕ.

ಅದಕ್ಕೇ ಹೊತ್ತು ಮುಖ್ಯ. ಸೆಖೆ ಆದ ಮೇಲೆ ಪರದೆ ಎಳೆಯುವುದು ಎಲ್ಲರ ಅಭ್ಯಾಸ. ಆ ಹೊತ್ತಿಗೆ ನೆಲ, ಹಾಸಿಗೆ, ಕಪಾಟು ಎಲ್ಲ ಕಾದಿರುತ್ತವೆ. ಬಿಸಿಲು ಕಿಟಕಿ ಮುಟ್ಟುವ ಅರ್ಧ ಗಂಟೆ ಮೊದಲೇ, ನಿಮ್ಮ ಮನೆಯಲ್ಲಾದರೆ ಮಧ್ಯಾಹ್ನ ಒಂದೂವರೆ ಹೊತ್ತಿಗೆ, ಜಾಲರಿ ಇಳಿಸಿಬಿಡಿ. ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವಷ್ಟು ಹೊತ್ತು ಗಾಜೂ ಮುಚ್ಚಿರಲಿ. ಗಾಳಿ ಬರಲಿ ಅಂತ ನಡುಮಧ್ಯಾಹ್ನ ಕಿಟಕಿ ತೆರೆದರೆ ಬರುವುದು ಬಿಸಿ. ಫ್ಯಾನು ಮೈಯ ಬೆವರು ಆರಿಸುತ್ತದೆ, ಕೋಣೆಯನ್ನು ತಂಪು ಮಾಡುವುದಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗುವುದು ಬರೀ ದಂಡ. ಸೂರ್ಯ ಮುಳುಗಿ ಹೊರಗೆ ತಂಪಾದ ಮೇಲೆ ಜಾಲರಿ ಎತ್ತಿ, ಎದುರುಬದುರು ಕಿಟಕಿ ತೆರೆಯಿರಿ.

ಜಾಲರಿಗೂ ಸಂಘ ಒಪ್ಪದಿದ್ದರೆ ಬಿಳಿ ಅಸ್ತರಿನ ಪರದೆ ಮತ್ತು ಮಾಹಿತಿ ಹಾಳೆ ನೋಡಿ ಆರಿಸಿದ ಫಿಲ್ಮ್, ಎರಡೂ ಸೇರಿ ನಿಮ್ಮ ಎರಡನೇ ದಾರಿ. ಆದರೆ ಸಂಘ ಒಪ್ಪದಿರಲು ಕಾರಣ ಕಾಣುತ್ತಿಲ್ಲ. ಅರ್ಜಿಯಲ್ಲಿ "ಶೇಡ್ ಹಾಕುತ್ತೇವೆ" ಅಂತ ಬರೆಯಬೇಡಿ, ಅವರ ಕಣ್ಣಿಗೆ ತಗಡಿನ ಚಪ್ಪರ ಬರುತ್ತದೆ. "ಗ್ರಿಲ್ಲಿನ ಒಳಗೆ, ಗೋಡೆಯ ದಪ್ಪದೊಳಗೇ ಉಳಿಯುವ ಸುತ್ತುವ ಜಾಲರಿ" ಅಂತ ಬರೆಯಿರಿ, ಬಣ್ಣವನ್ನು ಅವರೇ ಆರಿಸಲಿ ಅನ್ನಿ. ಮೂರು ದಿನದ ಅಂಕಿಗಳನ್ನು ಜೊತೆಗೆ ಲಗತ್ತಿಸಿ. ನಿಮ್ಮ ಮೇಲೆ ಎರಡು, ಕೆಳಗೆ ಎರಡು ಮನೆಗಳಿಗೂ ಅದೇ ಪಶ್ಚಿಮದ ಕಿಟಕಿ ಇರಬೇಕಲ್ಲ, ಅವರ ಬಾಗಿಲನ್ನೂ ಒಮ್ಮೆ ತಟ್ಟಿ. ಸಂಜೆ 4ಕ್ಕೆ ಹೋದರೆ ಸಹಿ ಬೇಗ ಸಿಗುತ್ತದೆ.